ಕ್ಯಾನ್ಸರ್‌ನಿಂದ ಗುಣವಾದ ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಮಗನನ್ನೋ ಮಗಳನ್ನೋ ಪದವಿ ತರಗತಿಗೆ ಸೇರಿಸಲು ಹೊರಟ ಪೋಷಕರಲ್ಲಿ ಕೆಲವರು ಆಸ್ಪತ್ರೆಯ ದಪ್ಪ ಫೈಲನ್ನು ಹಾಗೆಯೇ ಪ್ರಾಂಶುಪಾಲರ ಮುಂದಿಡುತ್ತಾರೆ. ಉಳಿದವರು ಕಾಯಿಲೆಯ ಮಾತನ್ನೇ ಎತ್ತುವುದಿಲ್ಲ. ಎರಡರಿಂದಲೂ ತೊಂದರೆ ವಿದ್ಯಾರ್ಥಿಗೇ.

ಮೊದಲು ಆಸ್ಪತ್ರೆಯಿಂದ ಚಿಕಿತ್ಸೆಯ ಸಾರಾಂಶವನ್ನು ಬರೆಸಿಕೊಳ್ಳಿ. ಇದು ಮನೆಯಲ್ಲಿ ಉಳಿಯಬೇಕಾದ ದಾಖಲೆ. ಕೊಟ್ಟ ಔಷಧಗಳು, ವಿಕಿರಣದ ಜಾಗ ಮತ್ತು ಪ್ರಮಾಣ, ಮುಂದಿನ ತಪಾಸಣೆಗಳು ಇದರಲ್ಲಿರಲಿ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಕೊಟ್ಟಿದ್ದರೆ ಅದರ ಒಟ್ಟು ಪ್ರಮಾಣವನ್ನು ಮರೆಯದೆ ಕೇಳಿ. ಅದು ಹೃದಯಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಹೃದಯದ ತಪಾಸಣೆ ವರ್ಷಗಟ್ಟಲೆ ಬೇಕಾಗಬಹುದು. ಥರ್ಮಲ್ ಕಾಗದದ ರಸೀದಿಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಬಿಸಿಗೆ ಕಪ್ಪಾಗುತ್ತವೆ. ಜೆರಾಕ್ಸ್ ಮಾಡಿಸಿದರೆ ಸಾಕು.

ಹೆಚ್ಚಿನವರು ಎಡವುವುದು ಕಾಲೇಜಿಗೆ ಕೊಡುವ ಪತ್ರದಲ್ಲಿ. ‘ವಿದ್ಯಾರ್ಥಿ ಆರೋಗ್ಯವಾಗಿದ್ದಾನೆ’ ಎಂಬ ಒಂದು ಸಾಲಿನಿಂದ ಯಾವ ಸೌಲಭ್ಯವೂ ದೊರೆಯುವುದಿಲ್ಲ, ‘ತುಂಬಾ ನಿಶ್ಶಕ್ತ’ ಎಂದು ಬರೆಸಿದರೆ ಪ್ರಯೋಗಾಲಯದಿಂದಲೂ ದೂರವಿಡುತ್ತಾರೆ. ಪತ್ರದಲ್ಲಿ ಇರಬೇಕಾದದ್ದು ಚಿಕಿತ್ಸೆಯಿಂದ ಉಳಿದಿರುವ ತೊಡಕು ಮತ್ತು ಅದಕ್ಕೆ ಬೇಕಾದ ಅನುಕೂಲ. ವಿನ್‌ಕ್ರಿಸ್ಟಿನ್ ಎಂಬ ಔಷಧ ಪಡೆದ ಕೆಲವರಿಗೆ ಬೆರಳು ಜೋಮು ಹಿಡಿದು, ಒಂದು ಪುಟ ಬರೆಯುವಷ್ಟರಲ್ಲಿ ಪೆನ್ನಿನ ಹಿಡಿತ ಸಡಿಲವಾಗುತ್ತದೆ. ಅಂಥವರಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಬೇಕೆಂದು ಬರೆಸಿ. ಸಿಸ್‌ಪ್ಲಾಟಿನ್ ಔಷಧದಿಂದ ಕಿವಿ ಮಂದವಾಗಿದ್ದರೆ ಮುಂದಿನ ಬೆಂಚು, ಮೆದುಳಿಗೆ ವಿಕಿರಣ ಕೊಟ್ಟಿದ್ದರಿಂದ ಗ್ರಹಿಕೆ ನಿಧಾನವಾಗಿದ್ದರೆ ಮುದ್ರಿತ ಟಿಪ್ಪಣಿ. ನೆನಪಿನ ಶಕ್ತಿ ಹೆಚ್ಚಿಸುವುದಾಗಿ ಹೇಳಿ ಮಾರುವ ಟಾನಿಕ್‌ಗಳಿಗೆ ಹಣ ಸುರಿಯಬೇಡಿ. ಓಪಿಡಿಯ ನೂಕುನುಗ್ಗಲಿನಲ್ಲಿ ವೈದ್ಯರು ಇಷ್ಟನ್ನೆಲ್ಲ ತಾವಾಗಿ ಬರೆಯುವುದು ಕಷ್ಟವಾದ್ದರಿಂದ ಕರಡನ್ನು ನೀವೇ ಒಯ್ಯಿರಿ. ಪತ್ರವು ಪ್ರಾಂಶುಪಾಲರಿಗೆ ಮತ್ತು ಪರೀಕ್ಷಾ ವಿಭಾಗಕ್ಕೆ ಮಾತ್ರ. ಸಹಪಾಠಿಗಳಿಗೆ ಹೇಳುವುದೂ ಬಿಡುವುದೂ ವಿದ್ಯಾರ್ಥಿಯ ಇಷ್ಟ.

ಕ್ಯಾನ್ಸರ್ ತಾನಾಗಿಯೇ ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಪಟ್ಟಿಯಲ್ಲಿಲ್ಲ. ಆದರೆ ಮೂಳೆ ಕ್ಯಾನ್ಸರ್‌ನಿಂದ ಕಾಲು ಕಳೆದುಕೊಂಡವರು, ಶ್ರವಣದೋಷ ಅಥವಾ ದೃಷ್ಟಿದೋಷ ಉಳಿದವರು ಅದರಡಿ ಬರಬಹುದು. ವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿದ್ದು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆಯಿದೆ. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಆನ್‌ಲೈನ್‌ನಲ್ಲಿ ನೀವೇ ಅರ್ಜಿ ಹಾಕಿ, ಏಜೆಂಟರ ಬಳಿ ಹೋಗಬೇಡಿ.

ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್ ನೋಡಿ. ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರು ಒಂದೇ ರೀತಿ ಇರಲಿ.

ಹೆಸರಾಂತ ದೂರದ ಕಾಲೇಜಿಗಿಂತ ಒಂದೇ ಬಸ್ಸಿನಲ್ಲಿ ತಲುಪಬಹುದಾದ ಕಾಲೇಜೇ ಮೇಲು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದ್ದೇ ಇದೆ, ಆದರೆ ಅದು ಮೊದಲ ಆಯ್ಕೆಯಾಗಬಾರದು: ರಕ್ತದ ಕ್ಯಾನ್ಸರ್‌ಗೆ ಎರಡು–ಮೂರು ವರ್ಷ ಚಿಕಿತ್ಸೆ ಪಡೆದು ಓರಗೆಯವರಿಂದ ದೂರವಿದ್ದವರಿಗೆ ತರಗತಿಯೇ ಬೇಕು. ಸೇರಿದ ಮೊದಲ ವಾರದಲ್ಲೇ ತಪಾಸಣೆಯ ದಿನಾಂಕಗಳನ್ನು ಕಚೇರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಹಾಜರಾತಿ ಶೇ 75ಕ್ಕಿಂತ ಕೆಳಗಿಳಿದು ಪರೀಕ್ಷೆಯ ಪ್ರವೇಶಪತ್ರ ತಡೆಹಿಡಿದ ಮೇಲೆ ಒಯ್ದ ವೈದ್ಯಕೀಯ ಪತ್ರವನ್ನು ಯಾರೂ ಸುಲಭವಾಗಿ ನಂಬುವುದಿಲ್ಲ.