ಕುರಿ ಗುಂಡಿಗೆಗೆ ನೀರು ಸುರಿದು ಪಾಠ ಮಾಡಿದ್ದು

2014ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಿ ಎಂದ ಮೇಲೆ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಉಳಿದದ್ದು ಚಾರ್ಟು, ಒಂದು ಪ್ಲಾಸ್ಟಿಕ್ ಹೃದಯ, ಮೇಣ ಬಿರುಕುಬಿಟ್ಟ ಟ್ರೇಗಳು. ಇಲಿ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಗುಂಡಿಗೆಯ ವಾಲ್ವ್ (ಕವಾಟ) ಹೇಗೆ ಮುಚ್ಚಿಕೊಳ್ಳುತ್ತದೆ ಅನ್ನೋದನ್ನ ಪ್ಲಾಸ್ಟಿಕ್ ತೋರಿಸೋದಿಲ್ಲ. ಊಟಕ್ಕೆ ಹೇಗೂ ಕಡಿದ ಕುರಿಯ ಗುಂಡಿಗೆ ತರೋಣ ಎಂದೆ. ‘ಲ್ಯಾಬು ಅಡುಗೆಮನೆ ಆಗುತ್ತೆ, ಅಷ್ಟೇ’ ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು.

ಮೊದಲ ವರ್ಷ ನಗುವಂತೆಯೇ ಆಯಿತು. ಮಟನ್ ಅಂಗಡಿಯವರು ಅಭ್ಯಾಸಬಲದಿಂದ ಏಯೋರ್ಟಾ (ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ), ಪಲ್ಮನರಿ (ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳ) ಎಲ್ಲ ಬುಡಕ್ಕೇ ಕತ್ತರಿಸಿ, ರಕ್ತ ಹೋಗಲೆಂದು ನಡುವೆ ಒಂದು ಸೀಳೂ ಹಾಕಿ ಕೊಟ್ಟರು. ಹೆಪ್ಪುಗಟ್ಟಿದ ರಕ್ತ ಬೇಗ ಬಿಡಲೆಂದು ಬಿಸಿನೀರಲ್ಲಿ ತೊಳೆದೆ, ಅರ್ಧ ಬೆಂದೇಹೋಯಿತು. ಕೆಡದಿರಲೆಂದು ಫಾರ್ಮಲಿನ್‌ನಲ್ಲಿಟ್ಟದ್ದು ಚಪ್ಪಲಿ ಚರ್ಮದಂತಾಯಿತು, ಹುಡುಗರ ಕಣ್ಣೂ ಉರಿಯಿತು. ಗುಂಡಿಗೆ ಒಂದಕ್ಕೆ ಐವತ್ತೋ ಅರವತ್ತೋ. ಎರಡು ಸೆಮಿಸ್ಟರಿಗೆ ನನ್ನ ಜೇಬಿಂದಲೇ ಮೂರು ಸಾವಿರ ಹತ್ತಿರ ಹೋಗಿರಬೇಕು. ಮಟನ್ ಖರೀದಿಗೆ ಬಿಲ್ ಇಡೋದು ಯಾವ ಹೆಡ್ಡಿನಲ್ಲಿ?

ಆಮೇಲೆ ಬಿಡಿ ಗುಂಡಿಗೆ ಕೇಳೋದನ್ನೇ ಬಿಟ್ಟೆ. ಗಂಟಲ ನಳಿಕೆ, ಶ್ವಾಸಕೋಶ, ಗುಂಡಿಗೆ ಒಟ್ಟಿಗಿರುವ ಇಡೀ ಸೆಟ್, ಚಾಕು ತಾಗಿಸದೆ. ಇನ್ನೂರೈವತ್ತರ ಆಸುಪಾಸು. ಅಂಗಡಿಯವರನ್ನು ಇದಕ್ಕೆ ಒಪ್ಪಿಸಿದ್ದು ಹೇಗೆ ಅನ್ನೋದು ನನ್ನ ಬಳಿಯೇ ಇರಲಿ.

ಏಯೋರ್ಟಾಗೆ ನೀರು ಸುರಿದರೆ ಬುಡದ ವಾಲ್ವ್ ಮುಚ್ಚಿಕೊಂಡು ನೀರು ನಿಲ್ಲಬೇಕು. ಸೆಟ್ ಕೈಗೆ ಬಂದರೂ ನಿಲ್ಲಲಿಲ್ಲ, ಮೆಲ್ಲಗೆ ಇಳಿಯುತ್ತಿತ್ತು. ವಾಲ್ವ್ ಹರಿದಿದೆ ಎಂದು ಎರಡು ಗುಂಡಿಗೆ ಬಿಸಾಕಿದೆ. ಮೂರನೆಯದಕ್ಕೆ ಟಾರ್ಚ್ ಹಾಕಿ ನೋಡಿದಾಗ ತಲೆ ಚಚ್ಚಿಕೊಂಡೆ. ವಾಲ್ವಿನಿಂದ ತುಸು ಮೇಲೆಯೇ ಕರೋನರಿಗಳ, ಅಂದರೆ ಗುಂಡಿಗೆಗೇ ರಕ್ತ ಕೊಡುವ ನಾಳಗಳ, ಬಾಯಿ! ನೀರು ಹೋಗುತ್ತಿದ್ದದ್ದು ಅಲ್ಲಿಂದ. ಇಷ್ಟು ವರ್ಷ ಅದನ್ನೇ ಬೋರ್ಡಿನ ಮೇಲೆ ಬರೆಸಿದವನು ನಾನು. ಪಲ್ಮನರಿಗೆ ಸುರಿದೆ, ನೀರು ತುಳುಕದೆ ನಿಂತಿತು. ಮೇಲಿಂದ ಬಗ್ಗಿ ನೋಡಿದರೆ ಮೂರು ಪುಟ್ಟ ಜೇಬುಗಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿವೆ. ಹಿಂದಿನ ಬೆಂಚಿನ ಹುಡುಗರೂ ಎದ್ದು ಬಂದರು.

ಆ ಸೋರಿಕೆಯನ್ನೇ ಹಿಡಿದು ಏಯೋರ್ಟಾಗೆ ಸಿರಿಂಜಿನಲ್ಲಿ ಕೆಂಪು ಇಂಕು ಒತ್ತಿ ನೋಡಿದೆ. ನಾಲ್ಕರಲ್ಲಿ ಒಂದಕ್ಕೆ ಗುಂಡಿಗೆಯ ಮೈಮೇಲೆ ಕೊಂಬೆ ಕೊಂಬೆಯಾಗಿ ಬಣ್ಣ ಹರಡಿತು. ಉಳಿದವು ನನ್ನ ಅಂಗಿಗೆ. ಕುರಿ ಕಣ್ಣೂ ತಂದಿದ್ದೆ. ಒಳಗಿನ ನೀಲಿ ಹಸಿರು ಹೊಳಪು ನಮ್ಮ ಕಣ್ಣಲ್ಲಿಲ್ಲ ಎಂದಾಗ, ರಾತ್ರಿ ಕುರಿಹಟ್ಟಿಗೆ ಬ್ಯಾಟರಿ ಬಿಟ್ಟರೆ ಕಾಣುವುದು ಇದೇನಾ ಸಾರ್ ಎಂದಳು ಒಬ್ಬಳು. ಅವರ ಮನೇಲಿ ಕುರಿ ಇವೆ.

ಶ್ವಾಸಕೋಶಕ್ಕೆ ಸೈಕಲ್ ಪಂಪು. ಒಂದು ಹಾಲೆ (ಶ್ವಾಸಕೋಶದ ಒಂದು ಭಾಗ) ಊದದಿದ್ದರೆ ಗಾಬರಿ ಬೇಡ: ಕುರಿಗೆ ಬಲಗಡೆ ಮೇಲಿನ ಹಾಲೆಗೆ ಹೋಗುವ ಕವಲು, ಗಂಟಲ ನಳಿಕೆ ಎರಡಾಗುವ ಮೊದಲೇ ಹೊರಡುತ್ತದೆ. ಪಂಪಿನ ಪೈಪು ಅದನ್ನು ದಾಟಿ ಒಳಗೆ ಹೋಗಿದ್ದರೆ ಅಲ್ಲಿಗೆ ಗಾಳಿಯೇ ಹೋಗೋದಿಲ್ಲ. ಫ್ರೀಜರಿನಲ್ಲಿಟ್ಟದ್ದು ನನಗೆ ಮತ್ತೆ ಊದಲೇ ಇಲ್ಲ. ಮುಟ್ಟಲು ಮನಸ್ಸಿಲ್ಲದವರನ್ನು ಒತ್ತಾಯಿಸಲಿಲ್ಲ, ಚಿತ್ರ ಬರೆಯಲಿ ಎಂದೆ. ಅಂಥ ಐದಾರು ಮಂದಿಯಲ್ಲಿ ಮೂವರು ಕೊನೆಗೆ ಪಂಪು ಒತ್ತಿದರು.

ಮೊದಲು ನಕ್ಕವರೇ ಈಗ ತಮ್ಮ ಬ್ಯಾಚಿಗೂ ಒಂದು ಸೆಟ್ ತರಿಸಿಕೊಡಿ ಎನ್ನುತ್ತಾರೆ. ಶ್ರಾವಣದಲ್ಲಿ ಅಂಗಡಿಯವರದೇ ಫೋನು: ‘ಮೇಷ್ಟ್ರೇ, ಇವತ್ತು ವ್ಯಾಪಾರ ಇಲ್ಲ. ನಿಮ್ಮ ಪಾಠ ಏನಾದ್ರೂ ಐತಾ?’