ನನ್ನ ಮೊದಲ ಡ್ಯಾಟ್ಸನ್‌ಗೆ ಪಾರ್ಟ್ಸ್ ಹುಡುಕಿದ್ದು

ನಾನೇ ಬಿಚ್ಚಿ ರಿಪೇರಿ ಮಾಡಲು ತಂದ ಮೊದಲ ಹಳೆಯ ಕಾರು ಡ್ಯಾಟ್ಸನ್ 510, ನಾಲ್ಕು ಬಾಗಿಲಿನ ಸೆಡಾನ್. ಡ್ಯಾಟ್ಸನ್ ಅಂದರೆ ಜಪಾನಿನ ನಿಸ್ಸಾನ್ ಕಂಪನಿಯ ಬ್ರ್ಯಾಂಡ್. 1967ರಲ್ಲಿ ಹೊರಬಂದ ಮಾಡೆಲ್. ನನ್ನ ಕೈಗೆ ಬಂದಾಗ ಸ್ಟಾರ್ಟ್ ಆಗುತ್ತಿತ್ತು, ಆದರೆ ಎಂಜಿನ್ ಮುಂಭಾಗದಲ್ಲಿ ಚೈನ್ ಗಲಗಲ ಅನ್ನುತ್ತಿತ್ತು.

ತರುವ ಮುಂಚೆ ನಾನು ಜಾಸ್ತಿ ನೋಡಿದ್ದು ಎಂಜಿನ್ ಅಲ್ಲ, ಗ್ರಿಲ್, ಲೈಟಿನ ಗಾಜು, ಡ್ಯಾಶ್‌ಬೋರ್ಡ್, ಬಾಗಿಲ ಬೀಡಿಂಗ್. ಬ್ರೇಕ್, ಬೇರಿಂಗ್, ಕ್ಲಚ್ ಹೇಗೋ ಸಿಗುತ್ತವೆ. ಒಡೆದ ಗ್ರಿಲ್‌ಗೆ ಮಾತ್ರ ವರ್ಷಗಟ್ಟಲೆ ಕಾಯಬೇಕಾಗಬಹುದು. ಮೊದಲ ಕಾರಿಗೆ ಈ ಸಣ್ಣಪುಟ್ಟ ಸಾಮಾನು ಪೂರ್ತಿ ಇರುವುದನ್ನೇ ಆರಿಸಿ. ನೆಲದ ತಗಡಿಗೆ, ಬ್ಯಾಟರಿ ಕೂರುವ ಜಾಗಕ್ಕೆ ತುಕ್ಕು ಹಿಡಿದಿದೆಯಾ ಅಂತಲೂ ನೋಡಿ.

ನಾನು ಎಡವಿದ್ದು ಆ ಗಲಗಲ ಅನ್ನುವ ಟೈಮಿಂಗ್ ಚೈನ್ ವಿಷಯದಲ್ಲಿ. ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಚೈನ್ ಅದು. ನನ್ನದು ಎಲ್16 ಎಂಜಿನ್, 1595 ಸಿಸಿ. ಅದೇ ಕುಟುಂಬದಲ್ಲಿ ಎಲ್18, ಎಲ್20ಬಿ ಇವೆ. ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. "ಎಲ್ ಎಂಜಿನ್ ಅಂದ್ರೆ ಎಲ್ಲಾ ಒಂದೇ" ಎಂದು ಮಾರುವವರು ಹೇಳಿದರು, ನಾನು ನಂಬಿ ಎಲ್20ಬಿ ಚೈನನ್ನೇ ತೆಗೆದುಕೊಂಡು ಬಂದೆ. ಹಾಕಲು ಹೋದರೆ ಚೈನ್ ಉದ್ದ! ಎಲ್20ಬಿ ಎಂಜಿನ್ನಿನ ಬ್ಲಾಕ್ ನನ್ನದಕ್ಕಿಂತ ಸುಮಾರು 20 ಮಿಲಿಮೀಟರ್ ಹೆಚ್ಚು ಎತ್ತರ. ಹಾಗಾಗಿ ಅದರ ಚೈನೂ ಬೇರೆ, ಮುಂದಿನ ಕವರೂ ಬೇರೆ. ಎಲ್18 ಬ್ಲಾಕ್ ಮಾತ್ರ ನನ್ನದರಷ್ಟೇ ಎತ್ತರ.

ಆವತ್ತಿನಿಂದ ಹೆಸರು ಹೇಳಿ ಕೇಳುವುದನ್ನು ಬಿಟ್ಟೆ, ಪಾರ್ಟ್ ನಂಬರ್ ಓದಲು ಕಲಿತೆ. ನಿಸ್ಸಾನ್ ನಂಬರಿನಲ್ಲಿ ಐದೈದು ಅಕ್ಷರಗಳ ಎರಡು ಗುಂಪು ಇರುತ್ತವೆ. ಮೊದಲ ಐದು ಅದು ಯಾವ ಸಾಮಾನು ಎಂದು ಹೇಳುತ್ತವೆ: 13028 ಅಂದರೆ ಟೈಮಿಂಗ್ ಚೈನ್, 11044 ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವೆ ಸೋರದಂತೆ ಇಡುವ ಹಾಳೆ), 15208 ಆಯಿಲ್ ಫಿಲ್ಟರ್. ಅದು ಯಾವ ಎಂಜಿನ್ನಿಗೆ, ಯಾವ ಮಾಡೆಲ್ಲಿಗೆ ಎನ್ನುವುದು ಕೊನೆಯ ಐದರಲ್ಲಿದೆ. ಹಳೆಯ ನಂಬರಿನ ಬದಲು ಹೊಸದು ಬಂದಿರುವುದೂ ಉಂಟು, ಅದನ್ನೂ ಕೇಳಬೇಕು.

ನಂಬರ್ ಹಿಡಿದು ಹೊರಟ ಮೇಲೆ ಬೇರೆ ಬಾಗಿಲುಗಳು ತೆರೆದವು. ಎಲ್16 ಎಂಜಿನ್ ಡ್ಯಾಟ್ಸನ್ 521 ಪಿಕಪ್‌ನಲ್ಲೂ ಇತ್ತು. 510 ಎಂದು ಹುಡುಕಿದರೆ ಸಿಗದ ಸಾಮಾನು ಪಿಕಪ್ ಹೆಸರಿನಲ್ಲಿ ಸಿಕ್ಕಿತು. ಹಿಂದಿನ ಡಿಫರೆನ್ಷಿಯಲ್, ಅಂದರೆ ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ, ಆರ್160. ಅದರೊಳಗಿನ ದೊಡ್ಡ ಹಲ್ಲುಚಕ್ರ, ಅಂದರೆ ಕ್ರೌನ್ ವೀಲ್, 160 ಮಿಲಿಮೀಟರ್ ಇರುವುದರಿಂದ ಆ ಹೆಸರು. ಕೆಲವು ಸುಬಾರು ಕಾರುಗಳಲ್ಲೂ ಆರ್160 ಇದೆ. ಹಿಂದಿನ ಕವರ್ ಮತ್ತು ಪಕ್ಕದ ಫ್ಲೇಂಜ್ ಬದಲಾಯಿಸಿದರೆ ಅದನ್ನು 510ಗೆ ಕೂರಿಸಬಹುದು. ಆದರೆ ಅದೇ 510ರ ವ್ಯಾಗನ್‌ನಿಂದ ಹಿಂದಿನ ಭಾಗ ತರಬೇಡಿ. ಸೆಡಾನ್‌ಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರವೂ ಬೇರೆ ಬೇರೆಯಾಗಿ ಏಳುಬೀಳುವಂಥದ್ದು), ವ್ಯಾಗನ್‌ಗೆ ಪಟ್ಟಿ ಸ್ಪ್ರಿಂಗ್. ಎರಡಕ್ಕೂ ಸಂಬಂಧವೇ ಇಲ್ಲ.

ಸಲಹೆ ಕೇಳುವುದೂ ಹೀಗೇ. "ಗಾಡಿ ಸರಿಯಾಗಿ ಓಡ್ತಿಲ್ಲ, ಏನ್ ಮಾಡ್ಲಿ" ಎಂದು ಕೇಳಿದಾಗ ಹತ್ತು ಜನ ಹತ್ತು ಊಹೆ ಹೇಳಿದರು. ಆಮೇಲೆ ಎಂಜಿನ್ ನಂಬರ್, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ, ನಾನು ಏನೇನು ಪರೀಕ್ಷೆ ಮಾಡಿದೆ ಎಂಬುದು, ಇಷ್ಟನ್ನು ಕೊಟ್ಟು ಕೇಳಿದೆ. ಆಗ ಗೊತ್ತಿರುವವರು ಮುಂದೆ ಬಂದರು. ಚೈನ್ ಹಾಕಿ ಮುಗಿಸಿದ ಮೇಲೆ ಹೆಡ್ ಗ್ಯಾಸ್ಕೆಟ್ ಸೋರುವುದು ಗೊತ್ತಾಗಿ, ಹೆಡ್ ಬಿಚ್ಚಲು ಹೊರಟಿದ್ದೆ. ಈ ಎಂಜಿನ್‌ಗಳಲ್ಲೇ ಕೈ ಪಳಗಿದ ಹಿರಿಯ ಮೆಕ್ಯಾನಿಕ್ ಒಬ್ಬರು ತಡೆದರು. "ಮೊದಲು ಚೈನಿನ ಎರಡೂ ಬದಿಯ ನಡುವೆ ಮರದ ಬೆಣೆ ಬಡಿಯಪ್ಪ, ಆಮೇಲೆ ಸ್ಪ್ರಾಕೆಟ್ ಮುಟ್ಟು" ಎಂದರು. ಸ್ಪ್ರಾಕೆಟ್ ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ. ಬೆಣೆ ಇಲ್ಲದಿದ್ದರೆ ಚೈನ್ ಸಡಿಲವಾಗಿ, ಅದನ್ನು ಬಿಗಿಯಾಗಿಡುವ ಕೆಳಗಿನ ಟೆನ್ಷನರ್ ಹೊರಗೆ ಜಿಗಿಯುತ್ತದೆ. ಮತ್ತೆ ಮುಂದಿನ ಕವರ್ ಪೂರ್ತಿ ಬಿಚ್ಚಬೇಕು. ಆ ಒಂದು ಮಾತು ನನ್ನ ಎರಡು ವಾರ ಉಳಿಸಿತು. ಅವರಿಗೆ ನಾನು ಇಂದಿಗೂ ಋಣಿ.

ಇನ್ನು ಸ್ಕ್ರೂಗಳ ವಿಷಯ. ಹಳೆಯ ಜಪಾನಿ ಕಾರ್ಬುರೇಟರ್ ಸ್ಕ್ರೂಗಳು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯವು. ನೋಡಲು ಫಿಲಿಪ್ಸ್ ಥರ ಇದ್ದರೂ ಫಿಲಿಪ್ಸ್ ಡ್ರೈವರ್ ಹಾಕಿದರೆ ಜಾರಿ ತಲೆ ಸವೆಯುತ್ತದೆ. ಜೆಐಎಸ್ ಡ್ರೈವರ್ ಒಂದನ್ನು ಮೊದಲೇ ತೆಗೆದುಕೊಳ್ಳಿ. 10 ಮಿಲಿಮೀಟರ್ ಬೋಲ್ಟ್‌ಗಳ ಮರೆ (ಸುರುಳಿ ಗೆರೆ, ಥ್ರೆಡ್) ಸಾಮಾನ್ಯವಾಗಿ 1.25 ಮಿಲಿಮೀಟರ್ ಅಂತರದ್ದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 1.5. ಆಯಿಲ್ ಪ್ರೆಷರ್ ಸೆನ್ಸರ್‌ನ ಮರೆ ಇಂಚಿಗೆ 28 ಸುತ್ತು, ಅಮೆರಿಕನ್ ಪೈಪ್ ಮರೆ 27. ಅಮೆರಿಕನ್ ಮರೆಯದನ್ನು ಇಲ್ಲಿ ಹಾಕಿದರೆ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಅಲ್ಲಿ ಬಲ ಹಾಕಿದರೆ ಬ್ಲಾಕಿನ ಮರೆಯೇ ಹೋಗುತ್ತದೆ.

ಚೈನ್ ಈಗ ಸದ್ದಿಲ್ಲದೆ ಓಡುತ್ತಿದೆ. ಹಿಂದಿನ ಗಾಜಿನ ಬೀಡಿಂಗ್ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ.