ಎಲೆ ಹಳದಿಯಾದರೆ ಯೂರಿಯಾ ಚೀಲ ಬಿಚ್ಚುವ ಮುನ್ನ

ಕೋಲಾರದ ಟೊಮೆಟೊ ತೋಟಗಳಲ್ಲಿ ಎಲೆ ಹಳದಿ ತಿರುಗಿದರೆ ಮೊದಲು ನೆನಪಾಗುವುದು ಯೂರಿಯಾ. ಸಾರಜನಕ ಸಾಲದಿದ್ದರೆ ಎಲೆ ಹಳದಿಯಾಗುವುದು ನಿಜ. ಆದರೆ ಮೆಗ್ನೀಷಿಯಂ, ಕಬ್ಬಿಣ, ಗಂಧಕ ಸಾಲದಿದ್ದರೂ ಬಣ್ಣ ಹಳದಿಯೇ. ಕಬ್ಬಿಣ ಕೇಳುವ ಗಿಡಕ್ಕೆ ಯೂರಿಯಾ ಸುರಿದರೆ ಹಣವೂ ಹೋಗುತ್ತದೆ, ಗಿಡ ಬರೀ ಸೊಪ್ಪಾಗಿ ಬೆಳೆದು ರಸ ಹೀರುವ ಕೀಟಗಳಿಗೆ ಮೇವಾಗುತ್ತದೆ. ಬೆಳೆಗೆ ಬೇಕಾದ 17 ಪೋಷಕಾಂಶಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಗಾಳಿ ಮತ್ತು ನೀರಿನಿಂದ ಸಿಗುತ್ತವೆ. ಉಳಿದ 14 ಮುಖ್ಯವಾಗಿ ಮಣ್ಣಿನಿಂದಲೇ ಬರಬೇಕು. ಅವುಗಳಲ್ಲಿ ಒಂದು ಕಡಿಮೆಯಾದರೂ ಮಿಕ್ಕವು ಎಷ್ಟಿದ್ದರೂ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ.

ಮೊದಲು ಬದುವಿನ ಮೇಲೆ ನಿಂತು ಇಡೀ ತೋಟ ನೋಡಿ. ಕೊರತೆಯಾದರೆ ಸಾಲಿಗೆ ಸಾಲೇ ಹೆಚ್ಚುಕಡಿಮೆ ಒಂದೇ ರೀತಿ ಬಣ್ಣಗೆಡುತ್ತದೆ. ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಮುದುಡಿ ಎಲೆ ಸುರುಟಿಕೊಂಡಿದ್ದರೆ ನಂಜುರೋಗವೇ ಇರಬಹುದು. ಅದಕ್ಕೆ ಗೊಬ್ಬರ ಮದ್ದಲ್ಲ.

ಹಳೆಯ ಎಲೆಯೋ, ಚಿಗುರೋ?

ಪತ್ತೆಯ ಕೀಲಿ ಇರುವುದು ಇಲ್ಲಿ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಗಿಡದೊಳಗೆ ಸುಲಭವಾಗಿ ಚಲಿಸುತ್ತವೆ. ಅವು ಸಾಲದಾದಾಗ ಗಿಡ ಬುಡದ ಎಲೆಗಳಲ್ಲಿರುವುದನ್ನು ಎಳೆದು ಸುಳಿಗೆ ಕೊಡುತ್ತದೆ. ಆದ್ದರಿಂದ ಲಕ್ಷಣ ಕಾಣುವುದು ಕೆಳಗಿನ ಎಲೆಗಳಲ್ಲಿ. ಇಡೀ ಎಲೆ ಮಾಸಲು ಹಳದಿಯಾದರೆ ಸಾರಜನಕ. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಮೆಗ್ನೀಷಿಯಂ. ಅಂಚು ಸುಟ್ಟಂತಾದರೆ ಪೊಟ್ಯಾಷ್. ಇಂಥ ಗಿಡದ ಹಣ್ಣು ತೊಟ್ಟಿನ ಬಳಿ ಹಳದಿಯಾಗಿಯೇ ಉಳಿದು ಬಣ್ಣ ಸಮನಾಗಿ ಬರುವುದಿಲ್ಲ. ಎಲೆಯ ಅಡಿ ನೇರಳೆಯಾಗಿ ಗಿಡ ಕುಳ್ಳಾದರೆ ರಂಜಕ. ಆದರೆ ಡಿಸೆಂಬರ್ ಚಳಿಯಲ್ಲಿ ಬೇರು ರಂಜಕ ಹೀರುವುದೇ ನಿಧಾನವಾಗುವುದರಿಂದ ಎಳೆಯ ಸಸಿಗಳಿಗೆ ಈ ಬಣ್ಣ ಬರುವುದುಂಟು. ಬಿಸಿಲೇರಿದಂತೆ ಅದು ತಾನೇ ಹೋಗುತ್ತದೆ, ಗಾಬರಿ ಬೇಡ.

ಕ್ಯಾಲ್ಸಿಯಂ, ಕಬ್ಬಿಣ, ಬೋರಾನ್ ಹಾಗೆ ಚಲಿಸುವುದಿಲ್ಲ. ಗಂಧಕವೂ ಅಷ್ಟು ಸಲೀಸಾಗಿ ಚಲಿಸದು. ಇವುಗಳ ಕೊರತೆ ಮೊದಲು ಚಿಗುರಿನಲ್ಲಿ ಕಾಣುತ್ತದೆ. ಎಳೆ ಎಲೆ ಪೂರ್ತಿ ತಿಳಿಹಳದಿಯಾದರೆ ಗಂಧಕ. ಹಸಿರು ನರಗಳ ಬಲೆ ಉಳಿದು ಮಿಕ್ಕದ್ದು ಬಿಳಿಚಿದರೆ ಕಬ್ಬಿಣ. ನಮ್ಮ ಮಣ್ಣಿನ ಕೆಂಪಿಗೆ ಕಬ್ಬಿಣವೇ ಕಾರಣ, ಆದರೂ ಗಿಡ ಅದಿಲ್ಲದೆ ಸೊರಗುತ್ತದೆ. ಬೈಕಾರ್ಬನೇಟ್ ಹೆಚ್ಚಿರುವ ಕೊಳವೆಬಾವಿ ನೀರು ವರ್ಷಗಟ್ಟಲೆ ಹರಿದು ಮಣ್ಣು ಕ್ಷಾರವಾದರೆ ಕಬ್ಬಿಣ ಬೇರಿಗೆ ದಕ್ಕದ ರೂಪಕ್ಕೆ ತಿರುಗುತ್ತದೆ. ಸುಳಿ ಒಣಗಿ ಹಣ್ಣು ಬಿರಿದರೆ ಬೋರಾನ್ ಕೊರತೆಯನ್ನು ಶಂಕಿಸಿ.

ಕಾಯಿಯ ತಳ ಕಪ್ಪಾದರೆ

ಟೊಮೆಟೊ ಬೆಳೆಗಾರರನ್ನು ಹೆಚ್ಚು ನೋಯಿಸುವುದು ಇದು. ಕಾಯಿ ದಪ್ಪವಾಗುವಾಗ ತಳ ಕಪ್ಪಾಗಿ ಚರ್ಮದಂತೆ ಒಣಗುತ್ತದೆ. ಮಂಡಿಯಲ್ಲಿ ಅಂಥ ಬಾಕ್ಸಿಗೆ ಬೆಲೆಯಿಲ್ಲ. ಇದು ಕ್ಯಾಲ್ಸಿಯಂ ಕೊರತೆ, ಆದರೆ ಎಷ್ಟೋ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿರುತ್ತದೆ. ಅದು ಗಿಡವೇರುವುದು ನೀರಿನ ಜೊತೆ. ನಾಲ್ಕು ದಿನ ಒಣಗಿಸಿ ಐದನೆಯ ದಿನ ತೋಯಿಸಿದರೆ ಆ ಹರಿವು ಕಡಿಯುತ್ತದೆ. ಹನಿ ನೀರಾವರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ, ತಪ್ಪದೆ ನೀರು ಕೊಡುವುದೇ ಮೊದಲ ಮದ್ದು. ಯೂರಿಯಾ, ಪೊಟ್ಯಾಷ್ ಅತಿಯಾದರೂ ಈ ತೊಂದರೆ ಹೆಚ್ಚುತ್ತದೆ. ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಸಿಂಪಡಣೆ ಎಳೆಗಾಯಿಗೆ ಒಂದಿಷ್ಟು ನೆರವಾದೀತು, ಕಪ್ಪಾದ ಕಾಯಿ ಮಾತ್ರ ಸರಿಹೋಗದು. ಪಾವಗಡದ ಕಡಲೆಕಾಯಿಯಲ್ಲಿ ಕಾಯಿ ಜೊಳ್ಳಾಗುವುದಕ್ಕೂ ಕ್ಯಾಲ್ಸಿಯಂ ಕೊರತೆ ಕಾರಣವಾಗಬಹುದು. ಅಲ್ಲಿ ಕಾಯಿ ಮಣ್ಣಿನಿಂದಲೇ ನೇರವಾಗಿ ಅದನ್ನು ಹೀರುವುದರಿಂದ, ಹೂವಿನ ಹಂತದಲ್ಲಿ ಬುಡಕ್ಕೆ ಜಿಪ್ಸಂ ಕೊಡುತ್ತಾರೆ.

ಮಣ್ಣು ಪರೀಕ್ಷೆ

ಕಣ್ಣಂದಾಜು ದಾರಿ ತೋರಿಸುತ್ತದೆ, ಪ್ರಮಾಣ ಹೇಳುವುದು ಪರೀಕ್ಷೆ ಮಾತ್ರ. ಬೆಳೆ ಕೊಯ್ದ ಮೇಲೆ, ಗೊಬ್ಬರ ಹಾಕುವ ಮುನ್ನ ಮಣ್ಣು ತೆಗೆಯಿರಿ. ಅಂಕುಡೊಂಕಾಗಿ ನಡೆಯುತ್ತ 10–12 ಕಡೆ 15 ಸೆಂ.ಮೀ. ಆಳದ ಗುಂಡಿ ತೋಡಿ, ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿ ಕೆರೆಯಿರಿ. ತಿಪ್ಪೆ, ಬದು, ಮರದ ನೆರಳು ಬಿಡಿ. ತಗಡಿನ ಬಕೆಟ್ ಬಳಸಿದರೆ ಸತುವಿನ ಲೆಕ್ಕ ತಪ್ಪುತ್ತದೆ, ಪ್ಲಾಸ್ಟಿಕ್ ಬಕೆಟ್ ಇರಲಿ. ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರು ಎರಡನ್ನು ಕಳೆಯುತ್ತ ಅರ್ಧ ಕಿಲೋ ಉಳಿಸಿ ನೆರಳಲ್ಲಿ ಒಣಗಿಸಿ. 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸತು, ಬೋರಾನ್ ಸೇರಿ 12 ಅಂಶಗಳ ಲೆಕ್ಕವಿರುತ್ತದೆ.

ಸಿಂಪಡಣೆ

ನಿಂತ ಬೆಳೆಗೆ ಸಂಜೆಯೇ ಒಳ್ಳೆಯದು. ಲೀಟರಿಗೆ ಮೆಗ್ನೀಷಿಯಂ ಸಲ್ಫೇಟ್ ಆದರೆ 10 ಗ್ರಾಂ. ಸತುವಿನ ಸಲ್ಫೇಟ್ ಆದರೆ 5 ಗ್ರಾಂ. ಅದರೊಂದಿಗೆ ಅದರ ಅರ್ಧದಷ್ಟು ಸುಣ್ಣ ಬೆರೆಸದಿದ್ದರೆ ಎಲೆ ಸುಡುತ್ತದೆ. ಬೋರಾನ್ ವಿಷಯದಲ್ಲಿ ಕೈ ಬಿಗಿಯಾಗಿರಲಿ: ಬೇಕಾದಷ್ಟಕ್ಕೂ ವಿಷವಾಗುವಷ್ಟಕ್ಕೂ ಅಂತರ ಕಡಿಮೆ. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಅಥವಾ ರಂಜಕದ ಗೊಬ್ಬರದ ಜೊತೆ ಒಂದೇ ಟ್ಯಾಂಕಿಗೆ ಹಾಕಬೇಡಿ, ಗಷ್ಟು ಕಟ್ಟಿ ನಳಿಕೆ ಕಟ್ಟಿಕೊಳ್ಳುತ್ತದೆ. ಏನೇ ಆದರೂ ಮೊದಲು ಐದಾರು ಗಿಡಗಳಿಗೆ ಹೊಡೆದು ಎರಡು ದಿನ ಕಾಯಿರಿ.

ಫಲಿತಾಂಶವನ್ನು ಹೊಸ ಎಲೆಗಳಲ್ಲಿ ನೋಡಿ. ಎರಡು ವಾರವಾದರೂ ಚಿಗುರು ಸುಧಾರಿಸದಿದ್ದರೆ ಒಂದು ಗಿಡ ಕಿತ್ತು ಬೇರು ಪರೀಕ್ಷಿಸಿ. ಬೇರಿನ ತುಂಬ ಗಂಟುಗಳಿದ್ದರೆ ಅದು ಮಣ್ಣಿನ ಸೂಕ್ಷ್ಮ ಜಂತುಹುಳುವಿನ (ನೆಮಟೋಡ್) ಕಾಟ. ಮಣ್ಣಿನಲ್ಲಿ ಎಲ್ಲವೂ ಇದ್ದರೂ ಗಿಡಕ್ಕೆ ಹೀರಲಾಗುತ್ತಿಲ್ಲ. ಆ ಗಿಡವನ್ನು ಬೇರು ಸಮೇತ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.